ಸ್ವಂತ ಹೆಸರಲ್ಲಿ ಕಾಫಿ ಪುಡಿ ಮಾರಲು ಎಫ್‌ಎಸ್‌ಎಸ್‌ಎಐ ನಂಬರ್ ಒಂದೇ ಸಾಕೇ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮಗೆ ನಾಲ್ಕು ಎಕರೆ ಕಾಫಿ ತೋಟವಿದೆ. ಈ ಸಲ ಬೀಜ ಪೂರ್ತಿ ಮಾರದೆ ಸ್ವಲ್ಪ ಉಳಿಸಿಕೊಂಡು, ಹುರಿದು ಪುಡಿ ಮಾಡಿ, ಕಾಲು ಕೆಜಿ, ಅರ್ಧ ಕೆಜಿ ಪ್ಯಾಕೆಟ್ ಕಟ್ಟಿ ನಮ್ಮದೇ ಹೆಸರಲ್ಲಿ ಮಾರಬೇಕೆಂದಿದ್ದೇವೆ. ಎಫ್‌ಎಸ್‌ಎಸ್‌ಎಐ ನಂಬರ್ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ್ದು) ತೆಗೆದುಕೊಂಡರೆ ಸಾಕು, ಉಳಿದದ್ದೆಲ್ಲ ದೊಡ್ಡ ಕಂಪನಿಯವರಿಗೆ ಎನ್ನುತ್ತಾರೆ. ನಿಜವೇ?

ಉತ್ತರ: ಸಾಲದು. ಆ ನಂಬರ್ ಸಿಗುವುದು ನಿಮ್ಮ ಜಾಗಕ್ಕೆ ಮತ್ತು ವ್ಯವಹಾರಕ್ಕೆ. ಪ್ಯಾಕೆಟ್ಟಿನೊಳಗಿನ ಪುಡಿಯನ್ನು ಯಾರೂ ಪರೀಕ್ಷೆ ಮಾಡಿ ನಂಬರ್ ಕೊಟ್ಟಿರುವುದಿಲ್ಲ. ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಯಿಂದ ಪ್ಯಾಕೆಟ್ ಎತ್ತಿಕೊಂಡು ಹೋದರೆ ಮೊದಲು ನೋಡುವುದು ಲೇಬಲ್, ಆಮೇಲೆ ಚಿಕೋರಿ, ಅಂದರೆ ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ. ತೂಕ ನೋಡಲು ಬೇರೆ ಇಲಾಖೆಯವರೇ ಬರುತ್ತಾರೆ. ಸಣ್ಣ ತಯಾರಕರು ಸಿಕ್ಕಿಬೀಳುವುದು ಹೆಚ್ಚಾಗಿ ಈ ಮೂರರಲ್ಲಿ. ನೋಂದಣಿಯೇ ಇಲ್ಲವೆಂದು ಸಿಕ್ಕಿಬೀಳುವವರು ಅಷ್ಟಿಲ್ಲ.

ಹಾಗಂತ ನೋಂದಣಿ ಬಿಡುವಂತಿಲ್ಲ, ಆರಂಭ ಅಲ್ಲಿಂದಲೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 31ನೇ ಕಲಮಿನಡಿ ಸಣ್ಣ ತಯಾರಕರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ನೋಂದಣಿಯಿಂದ ಇಲ್ಲ. ಯಾರು ಸಣ್ಣವರು ಎನ್ನುವುದಕ್ಕೆ 2011ರ ನಿಯಮಾವಳಿ ಎರಡು ಗೆರೆ ಎಳೆದಿತ್ತು: ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು, ದಿನಕ್ಕೆ 100 ಕೆಜಿ ತಯಾರಿಕಾ ಸಾಮರ್ಥ್ಯ. ಈ ಮಿತಿಗಳು ಪರಿಷ್ಕರಣೆ ಆಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಪ್ರಾಧಿಕಾರದ ಅರ್ಜಿ ಜಾಲತಾಣವಾದ ಫಾಸ್ಕಾಸ್‌ನಲ್ಲಿ ಏನಿದೆಯೋ ಅದನ್ನೇ ಹಿಡಿಯಿರಿ. ಎರಡನೇ ಗೆರೆಯನ್ನು ಜನ ಮರೆಯುತ್ತಾರೆ. ಸಾಮರ್ಥ್ಯ ಎಂದರೆ ಯಂತ್ರ ಎಷ್ಟು ಹುರಿಯಬಲ್ಲದು ಎಂಬ ಲೆಕ್ಕ, ನೀವು ಎಷ್ಟು ಹುರಿಯುತ್ತೀರಿ ಎಂಬುದಲ್ಲ. ಹನ್ನೆರಡು ಕೆಜಿ ಹಿಡಿಯುವ ರೋಸ್ಟರ್ ಗಂಟೆಗೆ ನಾಲ್ಕು ಸಲ ಹುರಿದರೆ ಮೂರೇ ಗಂಟೆಯಲ್ಲಿ ನೂರು ಕೆಜಿ ದಾಟುತ್ತದೆ. ವಾರಕ್ಕೊಂದು ದಿನ ಮಾತ್ರ ಹುರಿಯುವವರು ದೊಡ್ಡ ಯಂತ್ರ ಕೊಂಡರೆ ಕಾಗದದ ಮೇಲೆ ಲೈಸೆನ್ಸ್ ದರ್ಜೆಗೆ ಹೋಗಿಬಿಡಬಹುದು.

ಅರ್ಜಿ ಆನ್‌ಲೈನ್‌ನಲ್ಲೇ. ನೋಂದಣಿಗೆ ಫಾರ್ಮ್ ಎ. ಫೋಟೋ, ಗುರುತಿನ ಚೀಟಿ, ಜಾಗದ ದಾಖಲೆ, ಏನು ತಯಾರಿಸುತ್ತೀರಿ ಎಂಬ ವಿವರ, ಇಷ್ಟರಲ್ಲಿ ಮುಗಿಯುತ್ತದೆ. 2011ರ ನಿಯಮಾವಳಿಯಲ್ಲಿ ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಮೂರು ನಾಲ್ಕು ಸಾವಿರ ಕೇಳುವ ಮಧ್ಯವರ್ತಿಗೆ ಕೊಡುವ ಮುಂಚೆ ಶುಲ್ಕ ಎಷ್ಟೆಂದು ಜಾಲತಾಣದಲ್ಲೇ ನೋಡಿಕೊಳ್ಳಿ. ಏಳು ದಿನದೊಳಗೆ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ನೋಟಿಸ್ ಕೊಡಬೇಕು. ತಪಾಸಣೆ ಎಂದಾದರೆ ಮೂವತ್ತು ದಿನದೊಳಗೆ ತೀರ್ಮಾನ ಆಗಬೇಕು.

ಅರ್ಜಿಯಲ್ಲಿ ಎಡವುವುದು ವ್ಯವಹಾರದ ಬಗೆ ಆರಿಸುವಾಗ. ಬೇಗ ಮುಗಿಯಲಿ ಎಂದು ಸೈಬರ್ ಸೆಂಟರಿನವರು ‘ಚಿಲ್ಲರೆ ವ್ಯಾಪಾರಿ’ ಎಂದು ಒತ್ತಿಬಿಡುತ್ತಾರೆ. ಮನೆಯಲ್ಲೇ ಹುರಿದು ಪುಡಿ ಮಾಡುವುದಾದರೆ ನೀವು ತಯಾರಕರು. ಪೇಟೆಯ ಕಾಫಿ ವರ್ಕ್ಸ್‌ನಲ್ಲಿ ಹುರಿಸಿ, ಪುಡಿ ಮಾಡಿಸಿ, ಮನೆಗೆ ತಂದು ಪ್ಯಾಕೆಟ್ ಕಟ್ಟುವುದಾದರೆ ರೀಪ್ಯಾಕರ್. ಪ್ಯಾಕಿಂಗೂ ಅವರಲ್ಲೇ ಆಗಿ ಹೆಸರು ಮಾತ್ರ ನಿಮ್ಮದಾದರೆ, ಅವರ ನಂಬರ್ ಮತ್ತು ನಿಮ್ಮ ನಂಬರ್ ಎರಡೂ ಪ್ಯಾಕೆಟ್ ಮೇಲೆ ಬರಬೇಕು. ಗಿರಣಿಯವರ ನಂಬರನ್ನೇ ನಿಮ್ಮದೆಂಬಂತೆ ಹಾಕಿಕೊಂಡರೆ ನಿಲ್ಲುವುದಿಲ್ಲ. ಹದಿನಾಲ್ಕು ಅಂಕಿಯಲ್ಲೇ ಜಾತಕ ಇದೆ: 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ನೋಂದಣಿ. ರಾಜ್ಯದಲ್ಲಿ ಕೊಟ್ಟದ್ದಾದರೆ ನಂತರದ ಎರಡು ಅಂಕಿ ಕರ್ನಾಟಕಕ್ಕೆ 12, ಅದಾದ ಮೇಲೆ ವರ್ಷ.

ನೋಂದಣಿ ಜಾಗಕ್ಕೆ ಅಂಟಿದ್ದು. ತೋಟದ ಮನೆಯ ವಿಳಾಸದಲ್ಲಿ ತೆಗೆದುಕೊಂಡು ಪ್ಯಾಕಿಂಗ್ ಚಿಕ್ಕಮಗಳೂರಿನ ಬಾಡಿಗೆ ಕೋಣೆಯಲ್ಲಿ ಮಾಡಿದರೆ, ಆ ಕೋಣೆಗೆ ನೋಂದಣಿ ಇಲ್ಲವೆಂದೇ ಅರ್ಥ. ಯಂತ್ರ ಕೂರಿಸುವುದಾದರೆ ಗ್ರಾಮ ಪಂಚಾಯಿತಿಯ ಅನುಮತಿ ಕೇಳಿಕೊಳ್ಳಿ. ಮನೆ ಮೀಟರಿನಲ್ಲೇ ರೋಸ್ಟರ್ ಓಡಿಸಬಹುದೇ ಎಂಬುದನ್ನು ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಚಿಕೋರಿ. ನಮ್ಮ ಕಡೆ ಫಿಲ್ಟರ್ ಕಾಫಿಗೆ ಚಿಕೋರಿ ಸೇರಿಸುವುದು ತಪ್ಪೂ ಅಲ್ಲ, ಕದ್ದು ಮಾಡುವ ಕೆಲಸವೂ ಅಲ್ಲ. ಹೇಳದೆ ಸೇರಿಸುವುದು ತಪ್ಪು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ತೂಕದಲ್ಲಿ ಕನಿಷ್ಠ 51 ಶೇಕಡಾ ಇರಬೇಕು, ಯಾವುದು ಎಷ್ಟು ಶೇಕಡಾ ಎಂದು ಪ್ಯಾಕೆಟ್ ಮೇಲೆ ಎದ್ದು ಕಾಣುವಂತೆ ಬರೆಯಬೇಕು. ಅರ್ಧಕ್ಕರ್ಧ ಮಿಶ್ರಣ ಗಿರಾಕಿ ಕೇಳಿದರೂ ಆ ಹೆಸರಲ್ಲಿ ಮಾರುವಂತಿಲ್ಲ. ಇದರ ಜತೆ ಇನ್ನೊಂದು ಅಳತೆಗೋಲು ಇದೆ, ಕೆಫೀನ್. ಹುರಿದ ಅಪ್ಪಟ ಕಾಫಿ ಪುಡಿಯಲ್ಲಿ ಒಣ ತೂಕದ ಲೆಕ್ಕದಲ್ಲಿ ಕನಿಷ್ಠ 1 ಶೇಕಡಾ, ಮಿಶ್ರಣದಲ್ಲಿ ಕನಿಷ್ಠ 0.6 ಶೇಕಡಾ ಇರಬೇಕು. ಅರೇಬಿಕಾದಲ್ಲಿ ಕೆಫೀನ್ ಸುಮಾರು 1.2 ಶೇಕಡಾ, ರೊಬಸ್ಟಾದಲ್ಲಿ ಹತ್ತಿರಹತ್ತಿರ ಅದರ ಎರಡರಷ್ಟು, ಚಿಕೋರಿಯಲ್ಲಿ ಸೊನ್ನೆ. ಬರೀ ಅರೇಬಿಕಾ 51, ಚಿಕೋರಿ 49 ಹಾಕಿದರೆ ಲೆಕ್ಕ 0.61ಕ್ಕೆ ಬಂದು ನಿಲ್ಲುತ್ತದೆ. ಬೀಜ ಒಂಚೂರು ಸಪ್ಪೆಯಿದ್ದರೂ ವರದಿ ‘ಕಳಪೆ ಗುಣಮಟ್ಟ’ ಎಂದು ಬರುತ್ತದೆ, ನೀವು ಪ್ರಾಮಾಣಿಕವಾಗಿ 51 ಹಾಕಿದ್ದರೂ ಸರಿಯೇ. ಅರೇಬಿಕಾ ತೋಟದವರು 60:40ರಿಂದ ಕೆಳಗಿಳಿಯದಿರುವುದು ಕ್ಷೇಮ. ರುಚಿಯ ಮಾತು ಹೇಳುವುದಾದರೆ 80:20 ಇನ್ನೂ ಮೇಲು.

ಚಿಕೋರಿ ಹಾಕದವರಿಗೂ ಅದು ಅಂಟಬಹುದು. ಗಿರಣಿಯಲ್ಲಿ ನಿಮಗಿಂತ ಮುಂಚೆ ಪುಡಿ ಮಾಡಿಸಿದವರ ಮಿಶ್ರಣ ಯಂತ್ರದ ಹಲ್ಲಿನಲ್ಲಿ, ಬಾಯಲ್ಲಿ ಉಳಿದಿರುತ್ತದೆ. ‘ಚಿಕೋರಿ ಇಲ್ಲ’ ಎಂದು ಬರೆದ ಪ್ಯಾಕೆಟ್ಟಿನಲ್ಲಿ ಅದರ ಕಣ ಸೂಕ್ಷ್ಮದರ್ಶಕಕ್ಕೆ ಕಂಡರೆ ಸಮಜಾಯಿಷಿ ನಡೆಯದು. ಯಂತ್ರವನ್ನು ಬ್ರಷ್‌ನಿಂದ ಗುಡಿಸಿಸಿ, ಮೊದಲ ಅರ್ಧ ಕೆಜಿ ಪುಡಿಯನ್ನು ಮನೆ ಬಳಕೆಗೆ ಬೇರೆ ತೆಗೆದಿಡಿ. ತಣ್ಣೀರಿನ ಲೋಟದ ಮೇಲೆ ಚಿಟಿಕೆ ಪುಡಿ ಉದುರಿಸಿ ನೋಡುವುದೂ ಒಳ್ಳೆಯದು: ಕಾಫಿ ತೇಲುತ್ತದೆ, ಚಿಕೋರಿ ಕ್ಷಣದಲ್ಲೇ ಬಣ್ಣದ ಗೆರೆ ಬಿಡುತ್ತಾ ತಳಕ್ಕಿಳಿಯುತ್ತದೆ. ಮಾರುಕಟ್ಟೆಗೆ ಬಿಡುವ ಮುಂಚೆ ಮೈಸೂರಿನ ಸಿಎಫ್‌ಟಿಆರ್‌ಐನಂಥ ಪ್ರಯೋಗಾಲಯದಲ್ಲಿ ಒಂದು ಮಾದರಿ ಪರೀಕ್ಷೆ ಮಾಡಿಸಿಟ್ಟುಕೊಂಡರೆ ಮುಂದೆ ವಾದಕ್ಕೆ ಆಧಾರವಿರುತ್ತದೆ.

ತೇವಾಂಶದ ಮಿತಿ 5 ಶೇಕಡಾ. ಬೇಸಿಗೆಯಲ್ಲಿ ಇದೊಂದು ವಿಷಯವೇ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಗಾಳಿಯಲ್ಲಿ ಪುಡಿಯನ್ನು ಅಗಲ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಟ್ಟರೆ ಬೆಳಿಗ್ಗೆ ಕೈಗೆ ಮೆತ್ತಗಾಗಿರುತ್ತದೆ. ಹಾಗಂತ ಹುರಿದ ಕೂಡಲೇ ಪ್ಯಾಕ್ ಮಾಡಿದರೆ ಬೀಜ ಬಿಡುವ ಇಂಗಾಲದ ಡೈಆಕ್ಸೈಡಿಗೆ ಪೌಚ್ ಉಬ್ಬಿ ಸೀಲ್ ಬಿಡುತ್ತದೆ. ಮಳೆಗಾಲದಲ್ಲಿ ಹುರಿದ ಬೀಜವನ್ನು ಮುಚ್ಚಿದ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟು, ಪುಡಿ ಮಾಡಿದ ದಿನವೇ ವಾಲ್ವ್ ಇರುವ ಪೌಚಿಗೆ ತುಂಬಿ.

ಲೇಬಲ್ ವಿಷಯಕ್ಕೆ 2020ರ ಲೇಬಲಿಂಗ್ ನಿಯಮಾವಳಿ ಇದೆ. ಆಹಾರದ ಹೆಸರು, ಪದಾರ್ಥಗಳ ಪಟ್ಟಿ, ಹಸಿರು ಚುಕ್ಕಿಯ ಸಸ್ಯಾಹಾರಿ ಗುರುತು, ಪೂರ್ತಿ ವಿಳಾಸ, ಎಫ್‌ಎಸ್‌ಎಸ್‌ಎಐ ಲೋಗೋ ಮತ್ತು ನಂಬರ್, ನಿವ್ವಳ ತೂಕ, ಬ್ಯಾಚ್, ದಿನಾಂಕ ಎಲ್ಲ ಬೇಕೆಂದು ಯಾರು ಬೇಕಾದರೂ ಹೇಳುತ್ತಾರೆ. ತಪ್ಪುವುದು ಬೇರೆ ಕಡೆ. ಒಂದು, ಭಾಷೆ. ಅಭಿಮಾನದಿಂದ ಪ್ಯಾಕೆಟ್ ಪೂರ್ತಿ ಕನ್ನಡದಲ್ಲೇ ಮುದ್ರಿಸಿದರೆ ಕೇಂದ್ರದ ನಿಯಮದ ಪ್ರಕಾರ ಅದು ಅಪೂರ್ಣ ಲೇಬಲ್. ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇರಲೇಬೇಕು, ಕನ್ನಡ ಅದರ ಜತೆಗೆ. ಬರೀ ಇಂಗ್ಲಿಷ್ ಹಾಕಿದರೂ ಆಗುವುದಿಲ್ಲ, ಏಕೆಂದರೆ ರಾಜ್ಯದಲ್ಲೇ ತಯಾರಾಗಿ ಮಾರಾಟವಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಎರಡಕ್ಕೂ ಜಾಗ ಬಿಟ್ಟೇ ವಿನ್ಯಾಸ ಮಾಡಿಸಿ. ಇನ್ನೊಂದು, ದಿನಾಂಕ. ‘ಬೆಸ್ಟ್ ಬಿಫೋರ್’ ಒಂದನ್ನೇ ಹಾಕುವ ಹಳೆಯ ಪದ್ಧತಿ ಈಗ ನಡೆಯುವುದಿಲ್ಲ. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಕಡ್ಡಾಯ. ಬೆಸ್ಟ್ ಬಿಫೋರ್ ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಬಹುದು. ತಪ್ಪು ಅಥವಾ ಅರೆಬರೆ ಲೇಬಲ್‌ಗೆ 2006ರ ಆಹಾರ ಸುರಕ್ಷತಾ ಕಾಯಿದೆಯ 52ನೇ ಕಲಮಿನಡಿ ದಂಡ 3 ಲಕ್ಷ ರೂಪಾಯಿವರೆಗೂ ಹೋಗಬಹುದು.

ಊರಿನ ಹೆಸರಿನಲ್ಲೂ ಎಚ್ಚರ ಬೇಕು. ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಆ ಹೆಸರು ಆ ಪ್ರದೇಶದ ಬೆಳೆಗೇ ಮೀಸಲೆಂಬ ಮಾನ್ಯತೆ, ಸಿಕ್ಕಿದೆ, ಅರ್ಜಿದಾರರು ಕಾಫಿ ಮಂಡಳಿ. ಆ ಹೆಸರನ್ನು ಪ್ಯಾಕೆಟ್ ಮೇಲೆ ಬಳಸಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಬಾಬಾಬುಡನ್‌ಗಿರಿ ಹೆಸರು ಆ ಗಿರಿಶ್ರೇಣಿಯ ಕಾಫಿಗೆ ಸೇರಿದ್ದು, ಮೂಡಿಗೆರೆಯ ಬೀಜಕ್ಕೆ ಅದನ್ನು ಹಾಕಬೇಡಿ. ವಿಳಾಸದಲ್ಲಿ ಚಿಕ್ಕಮಗಳೂರು ಜಿಲ್ಲೆ ಎಂದು ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ‘ಸಾವಯವ’ ಎಂಬ ಪದವನ್ನು ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಎಂಬ ಸರ್ಕಾರಿ ಸಾವಯವ ದೃಢೀಕರಣ ವ್ಯವಸ್ಥೆಯ ಪ್ರಮಾಣಪತ್ರ ಕೈಗೆ ಬರುವ ತನಕ ದೂರವಿಡಿ.

ತೂಕದ ಪಾಲು ಕಾನೂನು ಮಾಪನಶಾಸ್ತ್ರ ಇಲಾಖೆಯದು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ 27ನೇ ನಿಯಮದಂತೆ ಪ್ಯಾಕೆಟ್ ಕಟ್ಟಲು ಶುರು ಮಾಡಿದ 90 ದಿನದೊಳಗೆ ಪ್ಯಾಕರ್ ಎಂದು ನೋಂದಾಯಿಸಿಕೊಳ್ಳಬೇಕು, ಶುಲ್ಕ 500 ರೂಪಾಯಿ. ಎಫ್‌ಎಸ್‌ಎಸ್‌ಎಐ ಮಾಡಿಸಿದವರಲ್ಲೂ ಇದನ್ನು ಬಿಟ್ಟವರು ಬೇಕಾದಷ್ಟು ಜನ. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ತೂಗಿ ಮಾರುವಂತಿಲ್ಲ. ಇಲಾಖೆಯ ಮುದ್ರೆ ಬಿದ್ದ ತೂಕದ ಯಂತ್ರ ಬೇಕು, ಎಲೆಕ್ಟ್ರಾನಿಕ್ ಆದರೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. 250 ಗ್ರಾಂ ಪ್ಯಾಕೆಟ್ಟಿನಲ್ಲಿ ಗರಿಷ್ಠ 9 ಗ್ರಾಂ, 500 ಗ್ರಾಂನಲ್ಲಿ 15 ಗ್ರಾಂ ಕೊರತೆಯನ್ನು ನಿಯಮ ಸಹಿಸುತ್ತದೆ. ಆದರೆ ಪರೀಕ್ಷೆಗೆ ತೆಗೆದ ಪ್ಯಾಕೆಟ್‌ಗಳ ಸರಾಸರಿ ಮಾತ್ರ ಬರೆದ ತೂಕಕ್ಕಿಂತ ಕಡಿಮೆ ಬರಬಾರದು. ಪ್ರತಿ ಪ್ಯಾಕೆಟ್ಟಿನಲ್ಲೂ ಐದು ಗ್ರಾಂ ಉಳಿಸುವ ಜಾಣತನ ಅಲ್ಲಿಗೆ ಮುಗಿಯಿತು. ತೂಗುವಾಗ ಖಾಲಿ ಪೌಚಿನ ತೂಕ ಕಳೆಯುವುದನ್ನು ಮರೆತರೂ ಇದೇ ಗತಿ.

ಎಂಆರ್‌ಪಿ ಎಲ್ಲ ತೆರಿಗೆ ಸೇರಿದ ಬೆಲೆ. ಅದರ ಪಕ್ಕ ಗ್ರಾಂ ಲೆಕ್ಕದ ಬೆಲೆಯೂ ಬರಬೇಕು: 250 ಗ್ರಾಂಗೆ 200 ರೂಪಾಯಿ ಎಂದರೆ ಗ್ರಾಂಗೆ 0.80. ಗ್ರಾಹಕರ ದೂರಿಗೆ ಫೋನ್ ನಂಬರ್, ಇಮೇಲ್ ಎರಡೂ ಹಾಕಿ. ಪೌಚ್ ಆರ್ಡರ್ ಕೊಡುವಾಗ ಎಂಆರ್‌ಪಿ, ಬ್ಯಾಚ್, ದಿನಾಂಕದ ಜಾಗವನ್ನು ಖಾಲಿ ಬಿಡಿಸಿ. ಕಾಫಿ ಬೆಲೆ ಏರಿಳಿಯುವುದು ನಿಮಗೇ ಗೊತ್ತು. ಮುದ್ರಿಸಿದ ಎಂಆರ್‌ಪಿ ಮೇಲೆ ಚೀಟಿ ಅಂಟಿಸಿ ಬೆಲೆ ಏರಿಸುವುದು ನಿಷಿದ್ಧ, ಇಳಿಸಲು ಮಾತ್ರ ಅಂಟಿಸಬಹುದು, ಅದೂ ಹಳೆಯ ಬೆಲೆ ಕಾಣುವ ಹಾಗೆ. ಐದು ಸಾವಿರ ಪೌಚ್ ಮುದ್ರಿಸಿಟ್ಟ ಮೇಲೆ ಬೀಜದ ಬೆಲೆ ಏರಿದರೆ ಅಷ್ಟೂ ರದ್ದಿ. ಖಾಲಿ ಜಾಗಕ್ಕೆ ಬಳಸುವ ಶಾಯಿಯನ್ನು ಎಣ್ಣೆಗೈಯಲ್ಲಿ ಒಮ್ಮೆ ಉಜ್ಜಿ ನೋಡಿ. ಲ್ಯಾಮಿನೇಟ್ ಪೌಚಿನ ಮೇಲೆ ರಬ್ಬರ್ ಸ್ಟಾಂಪಿನ ಶಾಯಿ ಅಳಿಸಿ ಹೋಗುತ್ತದೆ, ಅಳಿಸಿದ ದಿನಾಂಕವೂ ಇಲ್ಲದ ದಿನಾಂಕವೂ ತಪಾಸಣೆಗೆ ಒಂದೇ.

ಜಿಎಸ್‌ಟಿ ಬಗ್ಗೆ ನೀವು ಕೇಳಿಲ್ಲ, ಆದರೂ ಬರುತ್ತದೆ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಡ. ಮೂಡಿಗೆರೆಯಿಂದ ಬೆಂಗಳೂರಿನ ನೆಂಟರ ಅಪಾರ್ಟ್‌ಮೆಂಟಿಗೆ ಕೊರಿಯರ್ ಮಾಡಿ ಮಾರುವ ತನಕ ಈ ಮಿತಿ ಸಾಕು. ಚೆನ್ನೈಯಿಂದಲೋ ಮುಂಬೈಯಿಂದಲೋ ಆರ್ಡರ್ ಬಂದರೆ ಮೊದಲ ಪಾರ್ಸೆಲ್‌ಗೇ ಜಿಎಸ್‌ಟಿ ನೋಂದಣಿ ಬೇಕು, ಹೊರರಾಜ್ಯಕ್ಕೆ ಸರಕು ಮಾರುವವರಿಗೆ ವಹಿವಾಟಿನ ಮಿತಿ ಲೆಕ್ಕಕ್ಕಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಆರ್ಡರ್ ಎಂದರೂ ಇದು ಬದಲಾಗುವುದಿಲ್ಲ.