ಇನಿಟ್ ಹುಕ್: ಮೊದಲ ರಿಕ್ವೆಸ್ಟ್ ಬರುವ ಮುಂಚಿನ ಕೆಲಸ

ವೆಬ್ ಸರ್ವಿಸ್ ಬರೆಯುವವರು 'ಅದನ್ನ ಇನಿಟ್‌ನಲ್ಲಿ ಹಾಕು' ಅನ್ನುವುದನ್ನು ನೀವು ಕೇಳಿರಬಹುದು. ಇನಿಟ್ ಅಂದರೆ ಇನಿಶಿಯಲೈಸ್ ಎಂಬುದರ ಮೊಟಕು ರೂಪ. ಹುಕ್ ಅಂದರೆ ಕೊಕ್ಕೆ. ಫ್ರೇಮ್‌ವರ್ಕ್, ಅಂದರೆ ಸರ್ವಿಸ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು, ಶುರುವಾಗುವಾಗ ತನಗೆ ಜೋಡಿಸಿದ ಪ್ರತಿ ಕೋಡ್ ತುಂಡಿಗೂ (ಪ್ಲಗಿನ್‌ಗೂ) ಒಂದು ಅವಕಾಶ ಕೊಡುತ್ತದೆ: ನಿನಗೆ ಬೇಕಾದ್ದನ್ನೆಲ್ಲ ಈಗಲೇ ಸಿದ್ಧ ಮಾಡಿಕೋ, ಆಮೇಲೆ ರಿಕ್ವೆಸ್ಟ್‌ಗಳು ಬರುತ್ತವೆ. ಆಗ ಓಡುವ ಕೋಡ್‌ಗೆ ಇನಿಟ್ ಹುಕ್ ಅನ್ನುತ್ತಾರೆ.

ಪ್ಲಗಿನ್‌ಗೆ ಇದು ಯಾಕೆ ಬೇಕು? ಅದು ತಾನಾಗಿ ಓಡುವ ಪ್ರೋಗ್ರಾಂ ಅಲ್ಲ, ಫ್ರೇಮ್‌ವರ್ಕ್ ಕರೆದಾಗ ಮಾತ್ರ ಓಡುತ್ತದೆ. ಲಾಗಿನ್ ಪರೀಕ್ಷಿಸುವ ಪ್ಲಗಿನ್ ಇದೆ ಅಂದುಕೊಳ್ಳಿ. ಪ್ರತಿ ರಿಕ್ವೆಸ್ಟ್‌ಗೂ ಅದು ಡೇಟಾಬೇಸ್ ನೋಡಬೇಕು. ಪ್ರತಿ ಸಲವೂ ಹೊಸ ಕನೆಕ್ಷನ್ ತೆರೆದರೆ ನೆಟ್‌ವರ್ಕ್ ಹ್ಯಾಂಡ್‌ಶೇಕ್, ಪಾಸ್‌ವರ್ಡ್ ಪರೀಕ್ಷೆ ಎಲ್ಲ ಮತ್ತೆ ಮೊದಲಿನಿಂದ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಆದರೆ ಒಂದೊಂದು ಕನೆಕ್ಷನ್‌ಗೂ ಒಂದು ಹೊಸ ಪ್ರೊಸೆಸ್ಸನ್ನೇ ಹುಟ್ಟಿಸುತ್ತದೆ. ಅದಕ್ಕೇ ಕನೆಕ್ಷನ್ ಪೂಲ್, ಅಂದರೆ ಮತ್ತೆ ಮತ್ತೆ ಬಳಸಲು ತೆರೆದೇ ಇಟ್ಟ ಕನೆಕ್ಷನ್‌ಗಳ ಗುಂಪು, ಇಟ್ಟುಕೊಳ್ಳುವುದು. ಆ ಪೂಲನ್ನು ಎಲ್ಲೋ ಒಂದು ಕಡೆ, ಒಂದೇ ಸಲ ಕಟ್ಟಬೇಕು. ಕ್ಯಾಶ್, ಸಹಿ ಪರೀಕ್ಷಿಸುವ ಕೀ, ಕಾನ್ಫಿಗ್ ಫೈಲ್ ಇವುಗಳದ್ದೂ ಇದೇ ಕತೆ.

ಜಾವಾದ ಸರ್ವ್‌ಲೆಟ್‌ನಲ್ಲಿ (ವೆಬ್ ರಿಕ್ವೆಸ್ಟ್‌ಗೆ ಉತ್ತರ ಕೊಡುವ ಜಾವಾ ಕೋಡ್) ಈ ವಿಷಯ ತುಂಬಾ ಸ್ಪಷ್ಟವಾಗಿದೆ. ಸರ್ವ್‌ಲೆಟ್‌ನ ಇನಿಟ್ ಮೆಥಡ್ ಒಂದೇ ಒಂದು ಸಲ ಓಡುತ್ತದೆ, ಅದು ಮುಗಿಯುವವರೆಗೆ ಆ ಸರ್ವ್‌ಲೆಟ್‌ಗೆ ಯಾವ ರಿಕ್ವೆಸ್ಟೂ ಹೋಗುವುದಿಲ್ಲ. ಆದರೆ ಯಾವಾಗ ಓಡುತ್ತದೆ ಅನ್ನುವುದರಲ್ಲಿ ಎಡವಬಹುದು. 'ಲೋಡ್ ಆನ್ ಸ್ಟಾರ್ಟಪ್' ಎಂದು ಹೇಳದೇ ಇದ್ದರೆ, ಮೊದಲ ರಿಕ್ವೆಸ್ಟ್ ಬರುವವರೆಗೂ ಕಂಟೇನರ್, ಅಂದರೆ ಸರ್ವ್‌ಲೆಟ್‌ಗಳನ್ನು ಓಡಿಸುವ ಸರ್ವರ್, ಕಾಯಬಹುದು. ಹಾಗಾಗಿ ನಾಲ್ಕಾರು ಕಡೆ ಬೇಕಾಗುವ ಪೂಲನ್ನು ಒಂದು ಸರ್ವ್‌ಲೆಟ್‌ನ ಇನಿಟ್‌ನಲ್ಲಿ ಕಟ್ಟುವುದು ಸರಿಯಲ್ಲ. ಅದಕ್ಕೆ ಕಾಂಟೆಕ್ಸ್ಟ್ ಲಿಸನರ್ ಇದೆ, ಇಡೀ ಆ್ಯಪ್ ಏಳುವಾಗ ಮತ್ತು ಮುಚ್ಚುವಾಗ ಕಂಟೇನರ್ ಕರೆಯುವ ಕೋಡ್. ಯಾವ ಫಿಲ್ಟರ್ (ಸರ್ವ್‌ಲೆಟ್‌ಗೆ ಹೋಗುವ ರಿಕ್ವೆಸ್ಟನ್ನು ದಾರಿಯಲ್ಲೇ ನೋಡುವ ಕೋಡ್), ಯಾವ ಸರ್ವ್‌ಲೆಟ್ ಏಳುವುದಕ್ಕೂ ಮುಂಚೆ ಅದು ಓಡುತ್ತದೆ. ಅಲ್ಲಿ ಪೂಲ್ ಕಟ್ಟಿ, ಒಂದು ಹೆಸರು ಕೊಟ್ಟು ಸರ್ವ್‌ಲೆಟ್ ಕಾಂಟೆಕ್ಸ್ಟ್ ಎಂಬ, ಇಡೀ ಆ್ಯಪ್ ಹಂಚಿಕೊಳ್ಳುವ ಜಾಗದಲ್ಲಿ ಇಟ್ಟರಾಯಿತು. ಬೇಕಾದವರು ಆ ಹೆಸರು ಹಿಡಿದು ತೆಗೆದುಕೊಳ್ಳುತ್ತಾರೆ.

ಹಂಚಿಕೊಳ್ಳದೇ ಪ್ಲಗಿನ್‌ಗೊಂದು ಪೂಲ್ ಇಟ್ಟುಕೊಂಡರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡಿ. ಹಿಕಾರಿ ಎಂಬ ಜನಪ್ರಿಯ ಪೂಲ್ ಲೈಬ್ರರಿ, ನೀವೇನೂ ಹೇಳದಿದ್ದರೆ 10 ಕನೆಕ್ಷನ್ ತೆರೆದಿಟ್ಟುಕೊಳ್ಳುತ್ತದೆ, ಸುಮ್ನೆ ಕೂತಿದ್ದರೂ ಸರಿ. 5 ಪ್ಲಗಿನ್‌ಗಳು ಒಂದೊಂದು ಪೂಲ್ ಕಟ್ಟಿದರೆ 50. ಆ ಸರ್ವಿಸ್‌ನ 4 ಪ್ರತಿ ಓಡುತ್ತಿದ್ದರೆ 200. ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯವಾಗಿ ಇರುವ ಮಿತಿ 100! ಒಬ್ಬ ಬಳಕೆದಾರನೂ ಬರುವ ಮುಂಚೆಯೇ ಡೇಟಾಬೇಸ್ ಬಾಗಿಲು ಹಾಕಿಕೊಳ್ಳುತ್ತದೆ.

'ಮೊದಲ ರಿಕ್ವೆಸ್ಟ್ ಬಂದಾಗ ಕಟ್ಟಿದರಾಯಿತು, ಈಗಲೇ ಯಾಕೆ?' ಎಂದು ಕೇಳುವವರು ಇದ್ದಾರೆ. ಮೊದಲ ರಿಕ್ವೆಸ್ಟ್ ಒಂದೇ ಬರುತ್ತದೆ ಎಂದು ಯಾರು ಹೇಳಿದರು? ಎರಡು ಒಟ್ಟಿಗೆ ಬಂದರೆ ಎರಡೂ 'ಪೂಲ್ ಇಲ್ಲ' ಎಂದು ನೋಡಿ ಎರಡು ಪೂಲ್ ಕಟ್ಟುತ್ತವೆ. ಒಬ್ಬರೇ ಕಟ್ಟಲಿ ಎಂದು ಲಾಕ್ ಹಾಕಿದರೆ ಉಳಿದವರೆಲ್ಲ ಕಾಯಬೇಕು. ಪೈಥಾನ್‌ನ ಫ್ಲಾಸ್ಕ್ ಎಂಬ ಫ್ರೇಮ್‌ವರ್ಕ್‌ನಲ್ಲಿ ಮೊದಲ ರಿಕ್ವೆಸ್ಟ್‌ಗೂ ಮುಂಚೆ ಓಡುವ ಒಂದು ಹುಕ್ ಇತ್ತು. 2022ರ 2.2 ಆವೃತ್ತಿಯಲ್ಲಿ ಅದನ್ನು ಬಳಸಬೇಡಿ ಎಂದರು, 2023ರ 2.3ರಲ್ಲಿ ತೆಗೆದೇ ಹಾಕಿದರು. ಆ್ಯಪ್ ಕಟ್ಟುವಾಗಲೇ ಈ ಕೆಲಸ ಮುಗಿಸಿ ಅನ್ನುವುದು ಈಗಿನ ರೀತಿ. ನನಗೆ ಇದು ಸರಿ ಅನಿಸುತ್ತದೆ, ಮುಖ್ಯವಾಗಿ ಒಂದು ಕಾರಣಕ್ಕೆ: ಪಾಸ್‌ವರ್ಡ್ ತಪ್ಪಿದ್ದರೆ ಸರ್ವಿಸ್ ಏಳುವಾಗಲೇ ಬಿದ್ದುಹೋಗಲಿ. ಆಗ ನೋಡುವವರು ನಾವು. ಮೊದಲ ರಿಕ್ವೆಸ್ಟ್‌ನಲ್ಲಿ ಬಿದ್ದರೆ ಮೊದಲು ನೋಡುವುದು ಬಳಕೆದಾರ, ಅಲ್ವಾ?

ಇನ್ನೊಂದು ಕಡೆ ನಾನೇ ಪೆಟ್ಟು ತಿಂದಿದ್ದೇನೆ. ಪೈಥಾನ್ ಆ್ಯಪ್ ಓಡಿಸುವ ಗುನಿಕಾರ್ನ್‌ನಂಥ ಸರ್ವರ್ ಒಂದು ತಾಯಿ ಪ್ರೊಸೆಸ್‌ನಿಂದ ಹಲವು ವರ್ಕರ್‌ಗಳನ್ನು (ರಿಕ್ವೆಸ್ಟ್ ನಿಭಾಯಿಸುವ ಪ್ರೊಸೆಸ್‌ಗಳನ್ನು) ಫೋರ್ಕ್ ಮಾಡುತ್ತದೆ, ಅಂದರೆ ತನ್ನದೇ ನಕಲಾಗಿ ಹುಟ್ಟಿಸುತ್ತದೆ. ಮೆಮೊರಿ ಉಳಿಯಲಿ ಎಂದು ನಾನು ಪ್ರಿಲೋಡ್ ಆನ್ ಮಾಡಿದ್ದೆ. ಅಂದರೆ ಆ್ಯಪ್ ಮೊದಲು ತಾಯಿಯಲ್ಲೇ ಲೋಡ್ ಆಗುತ್ತದೆ, ಇನಿಟ್ ಕೂಡ ಅಲ್ಲೇ ಓಡುತ್ತದೆ. ಅಲ್ಲಿ ತೆರೆದ ಕನೆಕ್ಷನ್ ಎಲ್ಲ ವರ್ಕರ್‌ಗಳಿಗೂ ಹಂಚಿಹೋಯಿತು. ಕನೆಕ್ಷನ್‌ನ ಪ್ರತಿಯಲ್ಲ, ಅದೇ ಸಾಕೆಟ್ (ಕನೆಕ್ಷನ್‌ನ ಈ ಕಡೆಯ ತುದಿ)! ಇಬ್ಬರು ಒಂದೇ ಸಾಕೆಟ್‌ನಲ್ಲಿ ಮಾತಾಡಿದರೆ ಒಬ್ಬರ ಉತ್ತರ ಇನ್ನೊಬ್ಬರಿಗೆ ಹೋಗುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದೇ ವರ್ಕರ್ ಇದ್ದದ್ದರಿಂದ ಎಲ್ಲ ಚೆನ್ನಾಗೇ ಕಾಣುತ್ತಿತ್ತು. ಎರಡು ದಿನ ಕ್ವೆರಿಗಳಲ್ಲಿ ತಪ್ಪು ಹುಡುಕಿದೆ.

ಹಾಗಾಗಿ 'ಒಂದೇ ಸಲ' ಅಂದರೆ ಪ್ರೊಸೆಸ್‌ಗೆ ಒಂದು ಸಲ ಎಂದು ಓದಿಕೊಳ್ಳಬೇಕು. ಓದಿ ಮುಗಿಸಿದ ಕಾನ್ಫಿಗ್ ತಾಯಿಯಲ್ಲಿ ಇರಲಿ, ತೊಂದರೆ ಇಲ್ಲ. ಕನೆಕ್ಷನ್‌ಗಳನ್ನು ಮಾತ್ರ ಫೋರ್ಕ್ ಆದಮೇಲೆ ತೆರೆಯಬೇಕು. ಗುನಿಕಾರ್ನ್‌ನಲ್ಲಿ ಇದಕ್ಕೆ 'ಪೋಸ್ಟ್ ಫೋರ್ಕ್' ಎಂಬ ಹುಕ್ ಇದೆ, ಅಪಾಚೆ ಸರ್ವರ್‌ನ ಮಾಡ್ಯೂಲ್‌ಗಳಿಗೆ 'ಚೈಲ್ಡ್ ಇನಿಟ್' ಇದೆ. ಅಪಾಚೆ ಶುರುವಾಗುವಾಗ ತನ್ನ ಕಾನ್ಫಿಗ್ಗನ್ನು ಎರಡು ಸಲ ಓದುತ್ತದೆ, ತಾಯಿಯಲ್ಲಿ ಓಡುವ 'ಪೋಸ್ಟ್ ಕಾನ್ಫಿಗ್' ಹುಕ್ ಕೂಡ ಎರಡು ಸಲ ಓಡುತ್ತದೆ. ಗೊತ್ತಿಲ್ಲದವರು ಇಲ್ಲಿ ಬೆಚ್ಚಿಬೀಳುತ್ತಾರೆ.

ತೆರೆದದ್ದನ್ನು ಮುಚ್ಚುವ ಕೆಲಸವೂ ಈ ಹುಕ್‌ನ ಜೋಡಿಯೇ. ಕ್ರಮ ಮಾತ್ರ ತಿರುವುಮುರುವು: ಮೊದಲು ಎದ್ದದ್ದು ಕೊನೆಗೆ ಮಲಗಬೇಕು. ಇಲ್ಲದಿದ್ದರೆ ಪ್ಲಗಿನ್ ಇನ್ನೂ ಕೊನೆಯ ಲಾಗ್ ಬರೆಯುತ್ತಿರುವಾಗಲೇ ಅದರ ಪೂಲ್ ಮಾಯವಾಗಿರುತ್ತದೆ. ಸರ್ವ್‌ಲೆಟ್‌ನಲ್ಲಿ ಎಲ್ಲ ಫಿಲ್ಟರ್, ಸರ್ವ್‌ಲೆಟ್‌ಗಳು ಮುಗಿದ ಮೇಲೇ ಕಾಂಟೆಕ್ಸ್ಟ್ ಲಿಸನರ್‌ನ ಮುಚ್ಚುವ ಮೆಥಡ್ ಓಡುತ್ತದೆ. ಪೈಥಾನ್‌ನ ಇನ್ನೊಂದು ಫ್ರೇಮ್‌ವರ್ಕ್ ಫಾಸ್ಟ್‌ಎಪಿಐ ಇದನ್ನು ಇನ್ನೂ ಸರಳ ಮಾಡಿದೆ. ಅದರ 'ಲೈಫ್‌ಸ್ಪ್ಯಾನ್' ಫಂಕ್ಷನ್‌ನ ನಡುವೆ ಒಂದು 'ಯೀಲ್ಡ್' ಇರುತ್ತದೆ, ಫಂಕ್ಷನ್ ಅಲ್ಲಿಗೆ ಬಂದು ನಿಂತು ಆಮೇಲೆ ಮುಂದುವರಿಯುತ್ತದೆ. ಅದರ ಮೇಲಿನ ಸಾಲಿನಲ್ಲಿ ಪೂಲ್ ತೆರೆಯುತ್ತೀರಿ, ಕೆಳಗಿನ ಸಾಲಿನಲ್ಲಿ ಮುಚ್ಚುತ್ತೀರಿ. ಸರ್ವಿಸ್ ಓಡುವಷ್ಟು ಹೊತ್ತೂ ಆ ಫಂಕ್ಷನ್ ನಡುವೆಯೇ ನಿಂತಿರುತ್ತದೆ.