ಕೋರ್ ಸ್ಟೆಬಿಲಿಟಿ ಅಂದರೆ ನಡುವಿನ ಹಿಡಿತ

ವಾಲಿಬಾಲ್ ಆಡುವ ಮಕ್ಕಳಿಗೆ ಕೋಚ್ ‘ಕೋರ್ ಸ್ಟೆಬಿಲಿಟಿ ಸಾಲದು’ ಎನ್ನುತ್ತಾರೆ. ಮಕ್ಕಳು ಅದನ್ನು ಸಿಕ್ಸ್ ಪ್ಯಾಕ್ ಅಂದುಕೊಂಡು ಮನೆಯಲ್ಲಿ ನೂರು ಸಿಟ್ ಅಪ್ ಹೊಡೆಯುತ್ತಾರೆ.

ಸಿಕ್ಸ್ ಪ್ಯಾಕ್ ಕಾಣುವ ಹೊರಪದರ ಮಾತ್ರ. ಮೂಟೆ ಹೊರುವವರು ಸೊಂಟಕ್ಕೆ ಟವೆಲ್ ಬಿಗಿದುಕೊಳ್ಳುತ್ತಾರಲ್ವಾ, ಹಾಗೆ ಹೊಟ್ಟೆಯನ್ನು ಸುತ್ತಿದ ಸ್ನಾಯುವೊಂದು ಒಳಗಿದೆ. ಬೆನ್ನುಮೂಳೆಯ ಮಣಿಮಣಿಗೂ ಅಂಟಿದ ಸಣ್ಣ ಸ್ನಾಯುಗಳಿವೆ. ಮೇಲೆ ಉಸಿರಾಟಕ್ಕೆ ನೆರವಾಗುವ ವಪೆ (ಡಯಾಫ್ರಮ್), ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು. ಕೈಕಾಲು ಜೋರಾಗಿ ಬೀಸುವಾಗ ಬೆನ್ನು ಬೇಡದ ಕಡೆ ಬಾಗದಂತೆ, ತಿರುಚದಂತೆ ಇವೆಲ್ಲ ಸೇರಿ ಹಿಡಿಯುತ್ತವೆ. ಆ ಹಿಡಿತವೇ ಕೋರ್ ಸ್ಟೆಬಿಲಿಟಿ.

ಸ್ಮ್ಯಾಶ್ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಕ್ರಿಕೆಟ್ ಬೌಲರ್ ಚೆಂಡು ಬಿಡುವಾಗ ಮುಂಗಾಲು ನೆಲ ಊರಿರುತ್ತದೆ. ಸ್ಮ್ಯಾಶ್ ಹೊಡೆಯುವವರಿಗೆ ಊರಲು ನೆಲವೇ ಇಲ್ಲ. ಗಾಳಿಯಲ್ಲಿ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಮತ್ತೆ ಮುಂದಕ್ಕೆ ಮಡಚುತ್ತದೆ. ಕೈ ಬೀಸಿದಾಗ ಕಾಲುಗಳೂ ಮುಂದಕ್ಕೆ ಬರುತ್ತವೆ. ಎರಡನ್ನೂ ಬೆಸೆಯುವುದು ನಡು. ಅದು ಸಡಿಲವಾದರೆ ಕೆಲಸವೆಲ್ಲ ಭುಜದ ಮೇಲೆ ಬೀಳುತ್ತದೆ. ಹಾಗಾಗಿ ಭುಜ ನೋವು ಎಂದು ಬಂದ ಹುಡುಗರ ನಡುವನ್ನೂ ನೋಡಬೇಕು ಎನ್ನುತ್ತೇನೆ ನಾನು. ಇಳಿಯುವಾಗ ಮೈ ಪಕ್ಕಕ್ಕೆ ವಾಲಿದರೆ ಒಂಟಿ ಕಾಲಿಗೆ ಭಾರ ಬಿದ್ದು ಮಂಡಿ ಒಳಕ್ಕೆ ತಿರುಗಬಹುದು.

ಹದಿಹರೆಯದಲ್ಲಿ ಇದು ಇನ್ನೂ ಕಷ್ಟ. ಹುಡುಗಿಯರು ಸುಮಾರು 12ಕ್ಕೆ, ಹುಡುಗರು ಸುಮಾರು 14ಕ್ಕೆ ಸರ್ರನೆ ಎತ್ತರವಾಗುತ್ತಾರೆ. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯುವಿನ ಬಲ ಆಮೇಲೆ ಬರುತ್ತದೆ. ಹೋದ ವರ್ಷ ಚೆನ್ನಾಗಿ ಆಡಿದ ಹುಡುಗಿ ಈ ವರ್ಷ ತಡವರಿಸಿದರೆ ದಯವಿಟ್ಟು ಸೋಮಾರಿ ಎಂದು ಬೈಯಬೇಡಿ. ಅವಳಿಗೆ ತನ್ನ ಮೈಯೇ ಹೊಸದು.

ಅಭ್ಯಾಸಕ್ಕೆ ಜಿಮ್ ಬೇಡ. ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೆಟ್ಟಗೆ ಹಿಡಿಯುವ ಪ್ಲ್ಯಾಂಕ್, ಅದನ್ನೇ ಪಕ್ಕಕ್ಕೆ ತಿರುಗಿ ಒಂದು ಮೊಣಕೈ ಮೇಲೆ ಮಾಡುವ ಸೈಡ್ ಪ್ಲ್ಯಾಂಕ್, ಅಂಬೆಗಾಲಿನಲ್ಲಿ ನಿಂತು ಬಲಗೈ ಎಡಗಾಲು, ಎಡಗೈ ಬಲಗಾಲು ಚಾಚುವ ಬರ್ಡ್ ಡಾಗ್ ಸಾಕು. ಸೊಂಟ ಜೋತು ಬೀಳದೆ, ಉಸಿರು ಕಟ್ಟದೆ 20 ಸೆಕೆಂಡ್ ನಿಂತರೂ ಒಳ್ಳೆಯದೇ. ಸುಮ್ನೆ ಎರಡು ನಿಮಿಷ ನಡುಗುತ್ತಾ ನಿಲ್ಲುವುದರಿಂದ ಲಾಭವಿಲ್ಲ. ಇದು ಸಲೀಸಾದ ಮೇಲೆ ಜಿಗಿದು, ಇಳಿದು, ಅಲ್ಲಾಡದೆ ನಿಲ್ಲುವುದನ್ನು ಸೇರಿಸಿ.

ಹಿಂದಕ್ಕೆ ಬಾಗಿದಾಗ ಸೊಂಟದ ಹತ್ತಿರ ನೋವು ಬಂದು ವಾರಗಟ್ಟಲೆ ಉಳಿದರೆ, ಅದನ್ನು ಪ್ಲ್ಯಾಂಕ್‌ನಿಂದ ಸರಿಮಾಡಲು ಹೋಗಬೇಡಿ. ಪದೇ ಪದೇ ಬೆನ್ನು ಬಾಗಿಸಿ ಆಡುವ ಈ ವಯಸ್ಸಿನ ಮಕ್ಕಳ ಕೆಳಬೆನ್ನಿನ ಮಣಿಯಲ್ಲಿ ಸಣ್ಣ ಬಿರುಕು ಬಿಡುವುದುಂಟು. ಆಟ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ.