ತಾಮ್ರದ ಚೊಂಬಿನಲ್ಲಿ ಹಸಿರು ಗೆರೆ: ಆ ನೀರು ಕುಡಿಯಬಹುದೇ?

ಪ್ರಶ್ನೆ: ರಾತ್ರಿ ತಾಮ್ರದ ಚೊಂಬಿನಲ್ಲಿ ನೀರು ತುಂಬಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವ ರೂಢಿ ನಮ್ಮ ಮನೆಯಲ್ಲಿದೆ. ಈಚೆಗೆ ಚೊಂಬಿನ ಒಳಗೆ, ಕತ್ತಿನ ಹತ್ತಿರ ಹಸಿರು ಗೆರೆ ಬಿದ್ದಿದೆ. ಆ ನೀರು ಕುಡಿಯಬಹುದೇ? ಅದಕ್ಕೆ ನಿಂಬೆರಸ, ಜೇನು ಬೆರೆಸಬಹುದೇ? ಎಂಟು ತಿಂಗಳ ಮಗುವಿಗೂ ಕೊಡಬಹುದೇ?

ಉತ್ತರ: ಹಸಿರು ಗೆರೆ ಇರುವಾಗ ಕುಡಿಯಬೇಡಿ. ಚೊಂಬನ್ನು ತಿಕ್ಕಿ ತೊಳೆದ ಮೇಲೆ ದೊಡ್ಡವರು ದಿನಕ್ಕೆ ಅರ್ಧದಿಂದ ಒಂದು ಲೀಟರ್ ಕುಡಿಯಬಹುದು. ನಿಂಬೆರಸ, ಜೇನು ಎರಡೂ ಚೊಂಬಿನೊಳಗೆ ಬೇಡ. ಮಗುವಿಗೆ ಬೇಡವೇ ಬೇಡ.

ಆ ಹಸಿರಿಗೆ ನಮ್ಮಲ್ಲಿ ಕಿಲುಬು ಎನ್ನುತ್ತಾರೆ. ಚೊಂಬನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಅದು ಮೊದಲು ಕಾಣುವುದು ನೀರಿನ ಮಟ್ಟ ನಿಲ್ಲುವ ಜಾಗದಲ್ಲಿ, ಉಂಗುರದ ಹಾಗೆ. ನೀರು, ಗಾಳಿ, ಲೋಹ ಮೂರೂ ಒಟ್ಟಿಗೆ ಸೇರುವುದು ಅಲ್ಲೇ. ಎರಡನೆಯ ಜಾಗ ಕತ್ತಿನ ಕೆಳಗಿನ ಭುಜ. ಕಿರಿದಾದ ಬಾಯಿಯೊಳಗೆ ಬೆರಳು ಅಲ್ಲಿಗೆ ತಲುಪುವುದಿಲ್ಲ, ಹುಣಸೆಹುಳಿಯ ಅಂಶ ಅಲ್ಲೇ ಉಳಿದುಬಿಡುತ್ತದೆ. ಕಿಲುಬು ಹುಳಿ ತಾಗಿದರೆ ಸುಲಭವಾಗಿ ಬಿಟ್ಟುಕೊಳ್ಳುವ ತಾಮ್ರದ ಲವಣ. ಒಳಮೈ ಕಂದಾಗಿದ್ದರೆ ಅಥವಾ ಕಪ್ಪಾಗಿದ್ದರೆ ಗಾಬರಿ ಬೇಡ. ಅದು ಗಾಳಿಗೆ ತಾಮ್ರದ ಮೇಲೆ ಕಟ್ಟುವ ತೆಳು ಪದರ, ಬಿಗಿಯಾಗಿ ಅಂಟಿಕೊಂಡಿರುತ್ತದೆ. ಎಚ್ಚರ ಬೇಕಾಗಿರುವುದು ಹಸಿರು ಮತ್ತು ನೀಲಿಗೆ ಮಾತ್ರ.

ತಾಮ್ರದಲ್ಲಿಟ್ಟ ನೀರಿಗೆ ಗುಣ ಇದೆಯೇ ಎಂದರೆ, ಒಂದು ಗುಣ ಖಂಡಿತ ಇದೆ. ಸ್ವಲ್ಪ ತಾಮ್ರವೂ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ಪಾಚಿಯ ಮೇಲೆ ಕಂಡುಕೊಂಡಿದ್ದು, ಅದು 1893ರಲ್ಲಿ ಪ್ರಕಟವಾಯಿತು. ನಮ್ಮ ಮನೆಯ ರೂಢಿಯನ್ನೇ ನೇರವಾಗಿ ಪರೀಕ್ಷಿಸಿದ್ದು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಆಯುರ್ವೇದ ಅಂಡ್ ಇಂಟಿಗ್ರೇಟಿವ್ ಮೆಡಿಸಿನ್ ಸಂಸ್ಥೆಯ ತಂಡ. ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ಮಿಲಿಲೀಟರಿಗೆ ಸುಮಾರು 500ರಂತೆ ನೀರಿಗೆ ಬೆರೆಸಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ಪರೀಕ್ಷೆಯಲ್ಲಿ ಒಂದೂ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಈ ಫಲಿತಾಂಶ 2012ರಲ್ಲಿ ಪ್ರಕಟವಾಗಿದೆ.

ಇಲ್ಲಿ ಗಮನಿಸಬೇಕಾದ ಸಂಖ್ಯೆ 16. ರಾತ್ರಿ ಹತ್ತಕ್ಕೆ ತುಂಬಿ ಬೆಳಿಗ್ಗೆ ಆರಕ್ಕೆ ಕುಡಿದರೆ ಎಂಟೇ ಗಂಟೆ ಆಗುತ್ತದೆ. ನೀರಿನಲ್ಲಿ ಕೊಳೆ ಜಾಸ್ತಿ ಇದ್ದರೆ, ಚಳಿಗಾಲವಾಗಿದ್ದರೆ, ಅಷ್ಟು ಹೊತ್ತು ಸಾಲದೇ ಹೋಗಬಹುದು. ಪಾತ್ರೆಯ ಗಾತ್ರವೂ ಮುಖ್ಯ. ಒಂದು ಲೀಟರಿನ ಚೊಂಬಿನಲ್ಲಿ ಪ್ರತಿ ಲೋಟ ನೀರಿಗೆ ತಗಲುವಷ್ಟು ಲೋಹ ಹದಿನೈದು ಲೀಟರಿನ ಕೊಡದಲ್ಲಿ ತಗಲುವುದಿಲ್ಲ. ಆದ್ದರಿಂದ ತಾಮ್ರವನ್ನೇ ಫಿಲ್ಟರ್ ಎಂದು ನಂಬಬೇಡಿ. ನೀರನ್ನು ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಚೊಂಬಿಗೆ ತುಂಬಿ. ಬಿಸಿ ನೀರು ಹಾಕಿದರೆ ತಾಮ್ರ ಹೆಚ್ಚು ಬಿಡುತ್ತದೆ. ಆಗ ತಾಮ್ರ ಮಾಡುವ ಕೆಲಸ ಇಷ್ಟೇ: ಕುದಿಸಿದ ನೀರು ಮತ್ತೆ ಕೆಡದಂತೆ ಕಾಯುವುದು. ಅದೇನು ಸಣ್ಣ ಕೆಲಸವಲ್ಲ. ನಮ್ಮ ಮನೆಗಳಲ್ಲಿ ನೀರು ಕೆಡುವುದು ಬಹುಪಾಲು ಕೊಡದೊಳಗೆ ಕೈ, ಲೋಟ ಅದ್ದುವುದರಿಂದ. ಚೊಂಬಿಗೆ ಮುಚ್ಚಳ ಇರಲಿ, ಬಗ್ಗಿಸಿ ಕುಡಿಯಿರಿ. ಒಂದು ದಿನ ದಾಟಿದ ನೀರನ್ನು ಚೆಲ್ಲಿ ಹೊಸದು ತುಂಬಿ.

ತಾಮ್ರ ಮಾಡಲಾರದ ಕೆಲಸವನ್ನೂ ತಿಳಿದಿರಬೇಕು. ಫ್ಲೋರೈಡ್, ನೈಟ್ರೇಟ್, ಉಪ್ಪಿನಂಶವನ್ನು ಅದು ತೆಗೆಯುವುದಿಲ್ಲ. ಪಾವಗಡ, ಕೋಲಾರ, ಮುಂಡರಗಿ ಕಡೆಯ ಬೋರ್‌ವೆಲ್ ನೀರನ್ನು ತಾಮ್ರದಲ್ಲಿಟ್ಟು ಕುಡಿದರೆ ಹಲ್ಲು, ಮೂಳೆಗೆ ಫ್ಲೋರೈಡಿನಿಂದ ಆಗುವ ಹಾನಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಗಡಸು ನೀರಿನದು ಇನ್ನೊಂದು ತೊಂದರೆ. ಒಳಗೆ ಬಿಳಿ ಸುಣ್ಣದ ಪದರ ಕಟ್ಟಿ ನೀರಿಗೂ ತಾಮ್ರಕ್ಕೂ ನಡುವೆ ಗೋಡೆಯಾಗುತ್ತದೆ, ಚೊಂಬು ಇದ್ದೂ ಇಲ್ಲದ ಹಾಗೆ. ಕರಾವಳಿಯ ಮುರಕಲ್ಲಿನ ನೆಲದ ಬಾವಿಗಳಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿನ ನೀರು ಎಷ್ಟೋ ಕಡೆ ಮೆದು, ತುಸು ಆಮ್ಲೀಯ. ಆರ್‌ಒ ನೀರೂ ಹಾಗೇ. ಅಂಥ ನೀರು ತಾಮ್ರವನ್ನು ಹೆಚ್ಚು ಕರಗಿಸಿಕೊಳ್ಳುತ್ತದೆ. ಹುಳಿಯ ಅಳತೆಗೆ ಪಿಎಚ್ ಎನ್ನುತ್ತಾರೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಪಟ್ಟಿಯಿಂದ ಒಮ್ಮೆ ನೋಡಿಕೊಳ್ಳಿ. 6.5ಕ್ಕಿಂತ ಕಡಿಮೆ ಇದ್ದರೆ ಆ ನೀರಿಗೆ ಸ್ಟೀಲ್ ಪಾತ್ರೆಯೇ ಸರಿ. ಬೆಳಿಗ್ಗೆ ಮೊದಲ ಗುಟುಕಿಗೇ ನಾಲಿಗೆಯ ಮೇಲೆ ಕಹಿ, ಒಗರು, ನಾಣ್ಯ ನೆಕ್ಕಿದಂಥ ರುಚಿ ಬಂದರೆ ಆ ನೀರು ಚೆಲ್ಲಿಬಿಡಿ. ಲೀಟರಿಗೆ 4 ಮಿಲಿಗ್ರಾಂ ಆಸುಪಾಸಿನಿಂದ ಹೊಟ್ಟೆ ತೊಳಸುವುದು, ವಾಂತಿ ಶುರುವಾಗುತ್ತದೆ.

ಇನ್ನು ನಿಂಬೆ, ಜೇನಿನ ವಿಷಯ. ಇದರಲ್ಲಿ ಹಿರಿಯರ ಮಾತು ಎಷ್ಟು ಖಚಿತವಾಗಿದೆ ನೋಡಿ. ಕಂಚಿನಲ್ಲಿಟ್ಟ ಎಳನೀರು, ತಾಮ್ರದಲ್ಲಿಟ್ಟ ಜೇನು, ತಾಮ್ರದಲ್ಲಿಟ್ಟ ಹಸುವಿನ ಹಾಲು ಮೊಸರು ಮದ್ಯಕ್ಕೆ ಸಮ, ತುಪ್ಪ ಒಂದನ್ನು ಬಿಟ್ಟು, ಎಂದು ಹಳೆಯ ಸಂಸ್ಕೃತ ಶ್ಲೋಕವೊಂದು ಹೇಳುತ್ತದೆ. ತುಪ್ಪಕ್ಕೆ ಯಾಕೆ ವಿನಾಯಿತಿ? ಅದರಲ್ಲಿ ನೀರೂ ಇಲ್ಲ, ಹುಳಿಯೂ ಇಲ್ಲ, ತಾಮ್ರ ಬೇಗ ಕರಗುವುದಿಲ್ಲ. ಮೊಸರು, ಮಜ್ಜಿಗೆಯ ಪಿಎಚ್ ಸುಮಾರು 4.5, ನಿಂಬೆರಸದ್ದು 2ರಿಂದ 2.5, ಜೇನೂ ಆಮ್ಲವೇ. ಅಮೆರಿಕದ ಆಹಾರ ಸಂಹಿತೆಯೂ ಪಿಎಚ್ 6ಕ್ಕಿಂತ ಕಡಿಮೆ ಇರುವ ಆಹಾರಕ್ಕೆ ತಾಮ್ರ ತಾಗಬಾರದು ಎನ್ನುತ್ತದೆ. ನಿಂಬೆರಸ ಬೇಕಿದ್ದರೆ ನೀರನ್ನು ಗಾಜಿನ ಅಥವಾ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು ಆಮೇಲೆ ಹಿಂಡಿ. ಆಫೀಸಿಗೆ ಒಯ್ಯುವ ತಾಮ್ರದ ಬಾಟಲಿಯಲ್ಲಿ ಮಜ್ಜಿಗೆ, ಪಾನಕ, ಜ್ಯೂಸ್ ತುಂಬುವುದು ಈಗ ಕಾಣುವ ದೊಡ್ಡ ತಪ್ಪು. ಪಂಚಾಮೃತವನ್ನೂ ಬೆಳ್ಳಿ ಅಥವಾ ಸ್ಟೀಲ್ ಬಟ್ಟಲಲ್ಲೇ ಕಲಸಿ.

ಹುಳಿ ಪದಾರ್ಥ ಬೇಯಿಸುವ ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದದ್ದು ಈ ಕಾರಣಕ್ಕೇ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿ ಅಥವಾ ಬಟ್ಟೆಯಲ್ಲಿ ಒಳಮೈಗೆಲ್ಲ ಹರಡುತ್ತಾರೆ. ಶುದ್ಧ ತವರವೇ ಆಗಿರಬೇಕು, ಸೀಸ ಬೆರೆತರೆ ಅದು ಇನ್ನೊಂದು ವಿಷ. ಆದರೆ ನೀರಿನ ಚೊಂಬಿಗೆ ಕಲಾಯಿ ಬೇಡ. ಒಳಗೆ ಬೆಳ್ಳಗೆ ಇದ್ದರೆ ನೀರಿಗೆ ತಾಮ್ರ ತಾಗುವುದೇ ಇಲ್ಲ.

ತೊಳೆಯುವ ಕ್ರಮ ಹೀಗೆ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಕಿವುಚಿ. ಚಿಟಿಕೆ ಉಪ್ಪು ಸಾಕು. ಆ ರಸದಿಂದ ಎರಡು ಮೂರು ನಿಮಿಷ ಒಳಮೈ ತಿಕ್ಕಿ. ಕತ್ತು ಕಿರಿದಾಗಿದ್ದರೆ ಮೆತ್ತನೆಯ ಬಾಟಲಿ ಬ್ರಷ್ ಬಳಸಿ. ಸ್ಟೀಲ್ ಜುಂಗು ಬೇಡ, ಅದು ಬಿಡುವ ಗೀರಿನಲ್ಲಿ ಕಿಲುಬು ಬೇಗ ಕೂರುತ್ತದೆ. ಹುಳಿಯನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ. ಮೂರು ಸಲ ನೀರಿನಲ್ಲಿ ಜಾಲಿಸಿ, ಕೊನೆಗೆ ಕಾಲು ಚಮಚ ಅಡುಗೆ ಸೋಡಾ ಕಲಸಿದ ನೀರಿನಿಂದ ಒಮ್ಮೆ ಗಲಬರಿಸಿ, ಮತ್ತೆ ತೊಳೆಯಿರಿ. ಉಳಿದ ಹುಳಿಯನ್ನು ಸೋಡಾ ಅಳಿಸುತ್ತದೆ. ಒಣ ಬಟ್ಟೆಯಿಂದ ಒರೆಸಿ ಬೋರಲು ಹಾಕಿ. ಇದನ್ನು ವಾರಕ್ಕೊಮ್ಮೆ ಮಾಡಿದರೆ ಸಾಕು, ಉಳಿದ ದಿನ ಬರೀ ನೀರಿನಲ್ಲಿ ತೊಳೆದು ಒರೆಸಿ. ಹುಣಸೆಯಲ್ಲಿ ತಿಕ್ಕಿದ ದಿನ ಲೋಹದ ಮೈ ಪದರವಿಲ್ಲದೆ ಬರಿದಾಗಿರುತ್ತದೆ, ಆ ರಾತ್ರಿಯ ನೀರನ್ನು ಕುಡಿಯದೆ ಚೆಲ್ಲುವುದು ಒಳ್ಳೆಯದು. ಹಸಿರು ಹೋಗಿಯೂ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಅಲ್ಲಿ ಬೆಸುಗೆ ಅಥವಾ ಗುಳಿ ಇದೆ ಎಂದರ್ಥ. ಆ ಚೊಂಬನ್ನು ದೇವರ ಮನೆಗೆ ಬಿಡಿ.

ಮಗುವಿನ ವಿಷಯವನ್ನು ನಾವು ಒತ್ತಿ ಹೇಳುತ್ತೇವೆ. ಹುಟ್ಟುವಾಗಲೇ ಮಗುವಿನ ಯಕೃತ್ತಿನಲ್ಲಿ ತಾಮ್ರ ಸಾಕಷ್ಟು ಕೂಡಿರುತ್ತದೆ. ಹೆಚ್ಚಾದದ್ದನ್ನು ಪಿತ್ತದ ಮೂಲಕ ಹೊರಹಾಕುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ನಮ್ಮ ದೇಶದಲ್ಲಿ ಹಸುಳೆಗಳ ಯಕೃತ್ತು ಗಟ್ಟಿಯಾಗಿ ಸಾಯುತ್ತಿದ್ದ ಒಂದು ಕಾಯಿಲೆ ಇತ್ತು, ಭಾರತೀಯ ಬಾಲ ಸಿರೋಸಿಸ್ ಎಂದೇ ಅದರ ಹೆಸರು. 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಅಧ್ಯಯನಗಳು ಬೊಟ್ಟು ಮಾಡಿದ್ದು ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿನ ಕಡೆಗೆ. ಹಾಲಿನ ಪ್ರೋಟೀನು ತಾಮ್ರವನ್ನು ಹಿಡಿದಿಟ್ಟುಕೊಂಡು ಮಗುವಿನ ಹೊಟ್ಟೆಗೆ ಒಯ್ಯುತ್ತಿತ್ತು. ಮನೆಗಳಿಗೆ ಸ್ಟೀಲ್ ಬಂದ ಮೇಲೆ ಆ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲೂ 1900ರಿಂದ 1974ರ ನಡುವೆ ಇದೇ ಬಗೆಯ ಕಾಯಿಲೆಯಿಂದ 138 ಮಕ್ಕಳು ಸತ್ತರು. ಅಲ್ಲೂ ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲೇ ಹಾಲು ಸಕ್ಕರೆ ಕಾಯಿಸುತ್ತಿದ್ದರು. ಈ ಮಕ್ಕಳಿಗೆ ಕೇಡು ಬಗೆದವರು ಯಾರೂ ಇರಲಿಲ್ಲ, ಮನೆಯ ಒಳ್ಳೆಯ ಪಾತ್ರೆಯಲ್ಲೇ ಹಾಲು ಕಾಯಿಸಿದ್ದರು. ಆದ್ದರಿಂದ ಮಗುವಿನ ಹಾಲು, ಹಾಲಿನ ಪುಡಿ ಕಲಸುವ ನೀರು, ರಾಗಿ ಸರಿ, ಯಾವುದೂ ತಾಮ್ರ, ಹಿತ್ತಾಳೆ ಮುಟ್ಟಬಾರದು. ಐದು ವರ್ಷ ತುಂಬುವ ತನಕ ತಾಮ್ರದ ನೀರೇ ಬೇಡ ಎಂಬುದು ನಮ್ಮ ಸಲಹೆ.

ದೊಡ್ಡವರಲ್ಲೂ ಕೆಲವರು ಮುಟ್ಟಬಾರದು. ವಿಲ್ಸನ್ ಕಾಯಿಲೆ ಇರುವವರ ದೇಹ ತಾಮ್ರವನ್ನು ಹೊರಹಾಕಲಾರದೆ ಯಕೃತ್ತು, ಮಿದುಳಿನಲ್ಲಿ ಕೂಡಿಡುತ್ತದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಇದು ಬರುತ್ತದೆ. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆಯಾಗುವ ನಮ್ಮ ಕಡೆಯ ಕುಟುಂಬಗಳಲ್ಲಿ ಆ ಸಾಧ್ಯತೆ ಹೆಚ್ಚು. ಚೆನ್ನಾಗಿ ಓದುತ್ತಿದ್ದ ಹುಡುಗನ ಅಕ್ಷರ ಕೆಡುವುದು, ಮಾತು ತೊದಲುವುದು, ಕೈ ನಡುಗುವುದು, ಕಾರಣವಿಲ್ಲದೆ ಮತ್ತೆ ಮತ್ತೆ ಕಾಮಾಲೆ ಬರುವುದು ಇದರ ಸುಳಿವು. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು, 24 ಗಂಟೆಯ ಮೂತ್ರದ ತಾಮ್ರ ಮತ್ತು ಕಣ್ಣಿನ ಪರೀಕ್ಷೆಯಿಂದ ಗೊತ್ತಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ಈ ರೋಗಿಗಳನ್ನು ನೋಡುತ್ತಾ ಬಂದಿದೆ. ಬೇಗ ಹಿಡಿದರೆ ಔಷಧಿಯಲ್ಲಿ ಹತೋಟಿಗೆ ಬರುತ್ತದೆ. ಒಡಹುಟ್ಟಿದವರನ್ನೂ ಪರೀಕ್ಷಿಸಲೇಬೇಕು.

ತೂಕ ಇಳಿಯುತ್ತದೆ, ಥೈರಾಯ್ಡ್ ಸರಿಹೋಗುತ್ತದೆ, ಬಿಳಿ ಕೂದಲು ಕಪ್ಪಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ದೇಹಕ್ಕೆ ತಾಮ್ರ ಬೇಕು ನಿಜ, ದಿನಕ್ಕೆ ಒಂದೆರಡು ಮಿಲಿಗ್ರಾಂ. ಒಂದು ಲೀಟರ್ ತಾಮ್ರದ ನೀರಿನಲ್ಲಿ ಸಿಗುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಒಂದು ದೊಡ್ಡ ಚಮಚ ಎಳ್ಳಿನಲ್ಲೇ ಇದೆ. ಕೀಲುನೋವಿಗೆ ತಾಮ್ರದ ಬಳೆ, ಕಡಗ ಹಾಕುವುದನ್ನು ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದವರು ಸಂಧಿವಾತದ 70 ಮಂದಿಯಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಹುಸಿ ಕಡಗಕ್ಕೂ ತಾಮ್ರದ ಕಡಗಕ್ಕೂ ವ್ಯತ್ಯಾಸ ಕಾಣಲಿಲ್ಲ. ಹಾಕಿಕೊಂಡರೆ ಹಾನಿಯಿಲ್ಲ, ಬೆವರಿಗೆ ಮಣಿಕಟ್ಟು ಹಸಿರಾಗುತ್ತದೆ ಅಷ್ಟೇ. ಆದರೆ ಅದನ್ನು ನಂಬಿ ಸಂಧಿವಾತದ ಮಾತ್ರೆ ಬಿಟ್ಟರೆ ಬೆರಳು ಸೊಟ್ಟಗಾಗುತ್ತವೆ, ಮತ್ತೆ ನೆಟ್ಟಗಾಗುವುದಿಲ್ಲ.

ತಾಮ್ರವನ್ನು ಸುಟ್ಟು ಮಾಡುವ ಆಯುರ್ವೇದದ ಪುಡಿ, ತಾಮ್ರ ಭಸ್ಮ, ಬೇರೆಯೇ ವಿಷಯ. ವಿಷಕ್ಕೆ ಒಂದೇ ದೋಷ, ತಾಮ್ರಕ್ಕೆ ಎಂಟು ಎನ್ನುತ್ತದೆ ಲೋಹದ ಔಷಧ ಮಾಡುವುದನ್ನು ಹೇಳುವ ರಸಶಾಸ್ತ್ರ. ವಾಂತಿ, ತಲೆಸುತ್ತು, ಮೂರ್ಛೆ, ಉರಿ ಇವೆಲ್ಲ ಆ ಎಂಟರಲ್ಲಿವೆ. ಅದಕ್ಕೇ ತಾಮ್ರದ ತೆಳು ತಗಡನ್ನು ಕೆಂಪಗೆ ಕಾಯಿಸಿ ಎಣ್ಣೆ, ಮಜ್ಜಿಗೆ, ಗೋಮೂತ್ರ, ಗಂಜಿ, ಹುರುಳಿ ಕಷಾಯ ಐದರಲ್ಲೂ ಏಳೇಳು ಸಲ ಅದ್ದುವುದು ಬರೀ ಮೊದಲ ಹಂತದ ಶುದ್ಧಿ. ಭಸ್ಮ ಪಕ್ವವಾಗಿದೆಯೇ ಎಂದು ನೋಡಲು ಚಿಟಿಕೆಯಷ್ಟನ್ನು ಮೊಸರಿಗೆ ಹಾಕಿಡುತ್ತಾರೆ. ಮೊಸರು ಹಸಿರಿಗೆ ತಿರುಗಿದರೆ ಹಸಿ ತಾಮ್ರ ಉಳಿದಿದೆ, ಮತ್ತೆ ಪುಟವಿಟ್ಟು ಸುಡಬೇಕು. ನಿಮ್ಮ ಚೊಂಬಿನ ಗೆರೆಯೂ ಅದೇ ಪರೀಕ್ಷೆಯ ಉತ್ತರ. ಭಸ್ಮವನ್ನು ಆನ್‌ಲೈನಿನಲ್ಲಿ ತರಿಸಿ ನಿಮ್ಮಷ್ಟಕ್ಕೆ ತಿನ್ನಬೇಡಿ. ಯಕೃತ್ತಿಗೆಂದು ಕೊಡುವ ಆರೋಗ್ಯವರ್ಧಿನಿಯಲ್ಲೂ ತಾಮ್ರ ಭಸ್ಮ ಇರುತ್ತದೆ. ಡಾಕ್ಟರ ಹತ್ತಿರ ಹೋದಾಗ ಅದನ್ನು ಹೇಳಿ.

ಕೊನೆಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಕರಗಿಸುವ ನೀಲಿ ಹರಳು ಇದೇ. ಮಲೆನಾಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ಇರುತ್ತದೆ. ಹುಣ್ಣಿಗೆ ಹಚ್ಚುವುದು, ವಿಷ ಕುಡಿದವರಿಗೆ ವಾಂತಿ ಮಾಡಿಸಲು ಕುಡಿಸುವುದು ಹಳೆಯ ನಾಟಿ ರೂಢಿ, ಎರಡನ್ನೂ ಮಾಡಬೇಡಿ. 10ರಿಂದ 20 ಗ್ರಾಂ ಹೊಟ್ಟೆಗೆ ಹೋದರೆ ಜೀವ ಹೋಗಬಹುದು. ರಕ್ತಕಣ ಒಡೆಯುತ್ತವೆ, ಮೂತ್ರಪಿಂಡ ನಿಲ್ಲುತ್ತದೆ. ಆಯುರ್ವೇದ ಔಷಧಗಳ ಸರ್ಕಾರಿ ನಿಯಮದಲ್ಲೂ ಅದು ವಿಷದ ಪಟ್ಟಿಯಲ್ಲಿದೆ. ಯಾರಾದರೂ ನುಂಗಿ ನೀಲಿ ಹಸಿರು ವಾಂತಿ ಮಾಡಿದರೆ ಉಪ್ಪುನೀರು ಕುಡಿಸುತ್ತಾ ಹೊತ್ತು ಕಳೆಯದೆ, ಡಬ್ಬಿಯ ಸಮೇತ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.